ಒಡಲೊಳಗಿನ ನೋವು ನಿವಾರಕ ಪಂಪು: ಕೊಳ್ಳುವ ಮುನ್ನ, ಕೆಟ್ಟ ಮೇಲೆ

ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣದ ಪೇಟೆಬೀದಿಗಳಲ್ಲಿ ಐವತ್ತು ದಾಟಿದ ವರ್ತಕರ ಪೈಕಿ ಬೆನ್ನುನೋವಿನ ಮಾತೆತ್ತದವರನ್ನು ಹುಡುಕುವುದು ಕಷ್ಟ. ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು, ಆಲೂಗೆಡ್ಡೆ ಮತ್ತು ಕೊಬ್ಬರಿ ಮೂಟೆಗಳನ್ನು ಇಳಿಸುವಾಗ ತಾವೂ ಕೈಹಾಕುವವರು, ಲೇತ್ ಯಂತ್ರದ ಮುಂದೆ ಬಾಗಿ ನಿಂತೇ ಮೂವತ್ತು ವರ್ಷ ಕಳೆದ ಸಣ್ಣ ಉದ್ದಿಮೆದಾರರು ಎಲ್ಲರೂ ಈ ಸಾಲಿನಲ್ಲಿದ್ದಾರೆ. ಇವರಲ್ಲಿ ಬಹುಮಂದಿಗೆ ಮಾತ್ರೆ, ವ್ಯಾಯಾಮ, ವಿಶ್ರಾಂತಿಗಳಿಂದ ನೋವು ಹತೋಟಿಗೆ ಬರುತ್ತದೆ. ಕೆಲವರ ನೋವು ಮಾತ್ರ ಯಾವುದಕ್ಕೂ ಜಗ್ಗುವುದಿಲ್ಲ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯ ನಂತರವೂ ಉಳಿದ ನೋವು, ಮೂಳೆಗೆ ಹರಡಿದ ಕ್ಯಾನ್ಸರಿನ ನೋವು, ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಬಿದ್ದವರ ಕಾಲುಗಳ ಸೆಟೆತ ಇಂಥವು. ಇಂತಹ ರೋಗಿಗಳ ಪೈಕಿ ಆಯ್ದ ಕೆಲವರಿಗೆ ವೈದ್ಯರು ಸೂಚಿಸುವ ಕೊನೆಯ ಹಂತದ ಸಾಧನವೇ ಚರ್ಮದ ಕೆಳಗೆ ಅಳವಡಿಸುವ ಔಷಧ ಪಂಪು.

ಈ ಸಾಧನ ನಮ್ಮ ದೇಶದಲ್ಲಿ ಇಂದಿಗೂ ಅಪರೂಪದ್ದು. ಜಿಲ್ಲೆಯ ರೋಗಿಗಳು ಇದಕ್ಕಾಗಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳನ್ನೇ ಅವಲಂಬಿಸಬೇಕು. ವೆಚ್ಚ ಹಲವು ಲಕ್ಷ ರೂಪಾಯಿಗಳು. ವಾಣಿಜ್ಯ ಪತ್ರಿಕೆಯಲ್ಲಿ ವೈದ್ಯಕೀಯ ವಿಷಯವೇಕೆ ಎಂಬ ಪ್ರಶ್ನೆ ಸಹಜ. ಅಂಗಡಿಗೆ ಒಂದು ಜನರೇಟರ್ ತರುವಾಗ ಸರ್ವಿಸ್ ಎಲ್ಲಿ ದೊರೆಯುತ್ತದೆ, ಬಿಡಿಭಾಗ ಸಿಗುತ್ತದೆಯೇ, ವಾರಂಟಿ ಎಷ್ಟು ವರ್ಷ ಎಂದು ಹತ್ತು ಬಾರಿ ವಿಚಾರಿಸುವ ವರ್ತಕರು, ತಮ್ಮ ಒಡಲೊಳಗೇ ಕೂರಿಸಿಕೊಳ್ಳುವ ಯಂತ್ರದ ವಿಷಯದಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಬಿಡುತ್ತಾರೆ. ಪಂಪು ಔಷಧವಲ್ಲ, ಯಂತ್ರ. ಅದಕ್ಕೆ ಬ್ಯಾಟರಿಯಿದೆ, ಮೋಟಾರಿದೆ, ಕೊಳವೆಯಿದೆ. ಯಂತ್ರವೆಂದ ಮೇಲೆ ಕೆಡುವುದೂ ಇದೆ.

ಹನಿ ನೀರಾವರಿಯ ತತ್ತ್ವ

ಪಂಪಿನ ಕಾರ್ಯವಿಧಾನವನ್ನು ಹಾಸನ ಜಿಲ್ಲೆಯವರಿಗೆ ವಿವರಿಸುವುದು ಕಷ್ಟವಲ್ಲ. ಮಾತ್ರೆ ನುಂಗುವುದೆಂದರೆ ತೋಟಕ್ಕೆಲ್ಲ ಕಾಲುವೆ ನೀರು ಹರಿಸಿದಂತೆ. ಬೇರಿಗೆ ತಲುಪುವುದು ಸ್ವಲ್ಪ, ಉಳಿದದ್ದು ಎಲ್ಲೆಲ್ಲೋ ಹರಿದು ಹೋಗುತ್ತದೆ. ಪಂಪು ಹನಿ ನೀರಾವರಿಯಂತೆ, ಔಷಧವನ್ನು ನೋವಿನ ಸಂದೇಶ ಸಾಗುವ ಬೆನ್ನುಹುರಿಯ ಬುಡಕ್ಕೇ ತೊಟ್ಟುತೊಟ್ಟಾಗಿ ಮುಟ್ಟಿಸುತ್ತದೆ.

ಹೊಟ್ಟೆಯ ಒಂದು ಬದಿಯಲ್ಲಿ ಚರ್ಮದಡಿ ಕೂರಿಸುವ ಈ ಪಂಪು ದಪ್ಪನೆಯ ನಿಪ್ಪಟ್ಟಿನ ಆಕಾರದ ಲೋಹದ ಬಿಲ್ಲೆ. ಅಗಲ ಸುಮಾರು ಎಂಟೂವರೆ ಸೆಂಟಿಮೀಟರ್, ದಪ್ಪ ಎರಡರಿಂದ ಎರಡೂವರೆ ಸೆಂಟಿಮೀಟರ್. ಒಳಗಿನ ಔಷಧದ ತೊಟ್ಟಿ 20 ಅಥವಾ 40 ಮಿಲಿಲೀಟರ್ ಹಿಡಿಸುತ್ತದೆ. ಪುಟ್ಟ ಮೋಟಾರೊಂದು ರೋಲರ್‌ಗಳನ್ನು ನಿಧಾನವಾಗಿ ತಿರುಗಿಸಿ, ಒಳಗಿನ ಮೆದು ನಳಿಕೆಯನ್ನು ಒತ್ತುತ್ತ ಔಷಧವನ್ನು ಮುಂದಕ್ಕೆ ತಳ್ಳುತ್ತದೆ. ಅಲ್ಲಿಂದ ಹೊರಟ ಸಪೂರ ಕೊಳವೆ ಚರ್ಮದ ಕೆಳಗೇ ಸೊಂಟವನ್ನು ಬಳಸಿ ಹೋಗಿ, ಬೆನ್ನುಹುರಿಯನ್ನು ಸುತ್ತುವರಿದ ದ್ರವದೊಳಗೆ ತುದಿಯೂರುತ್ತದೆ. ದಿನಕ್ಕೆ ಎಷ್ಟು ಔಷಧ ಎಂಬುದನ್ನು ವೈದ್ಯರು ಹೊರಗಿನಿಂದಲೇ ಒಂದು ನಿಯಂತ್ರಕವನ್ನು ಚರ್ಮದ ಮೇಲೆ ಹಿಡಿದು ನಿಗದಿಪಡಿಸುತ್ತಾರೆ. ತೊಟ್ಟಿ ಬರಿದಾಗುವ ಮೊದಲು, ಔಷಧದ ಪ್ರಮಾಣಕ್ಕೆ ತಕ್ಕಂತೆ ಒಂದರಿಂದ ಆರು ತಿಂಗಳಿಗೊಮ್ಮೆ, ಚರ್ಮದ ಮೂಲಕ ಸೂಜಿ ಚುಚ್ಚಿ ಮತ್ತೆ ತುಂಬಬೇಕು. ಬ್ಯಾಟರಿಯನ್ನು ಚಾರ್ಜ್ ಮಾಡುವಂತಿಲ್ಲ. ಐದರಿಂದ ಏಳು ವರ್ಷಗಳಲ್ಲಿ ಅದು ತೀರಿದಾಗ ಇಡೀ ಪಂಪನ್ನೇ ಮತ್ತೊಂದು ಶಸ್ತ್ರಚಿಕಿತ್ಸೆಯಿಂದ ಬದಲಾಯಿಸಬೇಕಾಗುತ್ತದೆ.

ಬೆನ್ನುಹುರಿಯ ಮೇಲೆ ಮಾರ್ಫಿನ್ ನೇರವಾಗಿ ಕೆಲಸ ಮಾಡುತ್ತದೆಂಬುದನ್ನು 1976ರಲ್ಲಿ ಇಲಿಗಳ ಮೇಲೆ ಯಾಕ್ಷ್ ಮತ್ತು ರೂಡಿ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. 1979ರ ವೇಳೆಗೆ ಮನುಷ್ಯರಲ್ಲೂ ಅದು ದೃಢಪಟ್ಟಿತು. ವೈದ್ಯರು ಅಂದಾಜಿಗೆ ಬಳಸುವ ಲೆಕ್ಕದ ಪ್ರಕಾರ ಬಾಯಿಯ ಮೂಲಕ 300 ಮಿಲಿಗ್ರಾಂ ಮಾರ್ಫಿನ್ ಮಾಡುವ ಕೆಲಸವನ್ನು ಬೆನ್ನುಹುರಿಯ ದ್ರವದಲ್ಲಿ ಸುಮಾರು 1 ಮಿಲಿಗ್ರಾಂ ಮಾಡುತ್ತದೆ. ತೂಕಡಿಕೆ, ಮಲಬದ್ಧತೆ, ವಾಕರಿಕೆಗಳು ಇದರಿಂದ ತಗ್ಗುತ್ತವೆ. 2002ರಲ್ಲಿ ಪ್ರಕಟವಾದ, 202 ಕ್ಯಾನ್ಸರ್ ರೋಗಿಗಳನ್ನೊಳಗೊಂಡ ಅಧ್ಯಯನವೊಂದರಲ್ಲಿ ಪಂಪಿನ ಗುಂಪಿನ 84.5 ಶೇಕಡಾ ಮಂದಿಗೂ, ಕೇವಲ ಸಾಮಾನ್ಯ ಚಿಕಿತ್ಸೆ ಪಡೆದವರ ಪೈಕಿ 70.8 ಶೇಕಡಾ ಮಂದಿಗೂ ತೃಪ್ತಿಕರ ಪರಿಹಾರ ದೊರೆತಿತ್ತು. ವ್ಯತ್ಯಾಸ ನಿಜ. ಆದರೆ ಪಂಪಿಲ್ಲದವರಲ್ಲೂ ಹತ್ತರಲ್ಲಿ ಏಳು ಮಂದಿ ಚೇತರಿಸಿಕೊಂಡರೆಂಬುದನ್ನು ಲೆಕ್ಕ ಬಲ್ಲವರು ಗಮನಿಸದೆ ಇರಲಾರರು. ಸರಿಯಾದ ಪ್ರಮಾಣದ ಮಾತ್ರೆಯನ್ನೇ ಕೊಟ್ಟು ನೋಡದೆ ಪಂಪಿಗೆ ಹಾರುವುದು ಅವಸರದ ಖರೀದಿ. ಅಳವಡಿಕೆಗೆ ಮುನ್ನ ಬೆನ್ನಿಗೆ ತಾತ್ಕಾಲಿಕವಾಗಿ ಔಷಧ ಕೊಟ್ಟು ಪರೀಕ್ಷಿಸುವ ಕ್ರಮವೂ ಉಂಟು. ಈ ಪರೀಕ್ಷೆಯಲ್ಲಿ ನೋವು ಸ್ಪಷ್ಟವಾಗಿ ತಗ್ಗದವರಿಗೆ ಪಂಪಿನಿಂದ ಪ್ರಯೋಜನವಿಲ್ಲ.

ಸೆಟೆತದ ತೊಂದರೆಗೆ ಮಾರ್ಫಿನ್ ಬದಲು ಬ್ಯಾಕ್ಲೊಫೆನ್ ಎಂಬ ಔಷಧವನ್ನು ಇದೇ ಪಂಪಿನಲ್ಲಿ ತುಂಬುತ್ತಾರೆ. ಸಮುದ್ರದ ಒಂದು ಜಾತಿಯ ಶಂಖದ ಹುಳುವಿನ ವಿಷವನ್ನು ಅನುಕರಿಸಿ ತಯಾರಿಸಿದ ಜಿಕೊನೊಟೈಡ್ ಎಂಬ ಮೂರನೆಯ ಔಷಧಕ್ಕೂ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ವಿಷವೇ ಮದ್ದಾದ ಸೋಜಿಗಕ್ಕೆ ಇದೊಂದು ನಿದರ್ಶನ.

ಪಂಪು ಕೆಡುವ ಬಗೆಗಳು

ಹನಿ ನೀರಾವರಿಯ ತೋಟದಲ್ಲಿ ಮೋಟಾರಿಗಿಂತ ಹೆಚ್ಚು ತೊಂದರೆ ಕೊಡುವುದು ಪೈಪು. ಇಲ್ಲಿಯೂ ಹಾಗೆಯೇ. ಕೊಳವೆ ಮಡಚಿಕೊಳ್ಳುವುದು, ಜೋಡಣೆ ಕಳಚುವುದು, ಸೂಕ್ಷ್ಮವಾಗಿ ಸೋರುವುದು, ಬೆನ್ನುಹುರಿಯ ದ್ರವದಿಂದ ತುದಿ ಹೊರಜಾರುವುದು ಸಾಮಾನ್ಯವಾಗಿ ಕಂಡುಬರುವ ದೋಷಗಳು. ಅಳವಡಿಸಿದ ಮೊದಲ ಒಂದೆರಡು ತಿಂಗಳು ಬಗ್ಗುವುದು, ಸೊಂಟ ತಿರುಗಿಸುವುದು, ಭಾರ ಎತ್ತುವುದು ವರ್ಜ್ಯವೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಮಂಡಿಯ ಅಂಗಳದಲ್ಲಿ ಹಮಾಲರು ತಡವಾಗಿ ಬಂದರೆಂದು ಒಂದು ಮೂಟೆಗೆ ಭುಜ ಕೊಟ್ಟರೂ ಕೊಳವೆ ಜಾಗ ಬಿಟ್ಟೀತು.

ಕೊಳವೆ ಕೆಟ್ಟರೆ ಪಂಪಿಗೆ ತಿಳಿಯುವುದಿಲ್ಲ. ಮೋಟಾರು ಎಂದಿನಂತೆ ತಿರುಗುತ್ತದೆ, ನಿಯಂತ್ರಕದಲ್ಲಿ ಎಲ್ಲವೂ ಸರಿಯಾಗಿದೆಯೆಂದೇ ಕಾಣುತ್ತದೆ, ಎಚ್ಚರಿಕೆಯ ಸದ್ದೂ ಬರುವುದಿಲ್ಲ. ಔಷಧ ಮಾತ್ರ ಬೆನ್ನುಹುರಿಗೆ ತಲುಪುತ್ತಿರುವುದಿಲ್ಲ. ರೋಗಿ ನೋವೆಂದು ನರಳಿದರೆ, ಯಂತ್ರ ಸರಿಯಿದೆ, ನೋವೇ ಹೆಚ್ಚಾಗಿರಬೇಕೆಂದು ಔಷಧದ ಪ್ರಮಾಣ ಏರಿಸುವ ಸಂಭವವಿದೆ. ಮುಂದೆ ಕೊಳವೆ ಸರಿಪಡಿಸಿದಾಗ ಆ ಏರಿಸಿದ ಪ್ರಮಾಣ ಪೂರ್ತಿಯಾಗಿ ಒಮ್ಮೆಲೇ ತಲುಪಿದರೆ ಅಪಾಯ. ಹೀಗಾಗಿ ಕಾರಣವಿಲ್ಲದೆ ನೋವು ಮರಳಿದಾಗ ಮೊದಲು ಕೇಳಬೇಕಾದದ್ದು ಕೊಳವೆಯ ಪರೀಕ್ಷೆ. ಎಕ್ಸ್‌ರೇ ತೆಗೆಸಿ ಕೊಳವೆಯ ಹಾದಿ ನೋಡುವುದು, ಪಂಪಿನ ಪಕ್ಕದ ದ್ವಾರದಿಂದ ಬಣ್ಣದ ದ್ರವ ಹಾಯಿಸಿ ತುದಿಯವರೆಗೆ ತಲುಪುವುದೇ ಎಂದು ನೋಡುವುದು ಇದರ ಕ್ರಮ. ಬಣ್ಣದ ದ್ರವ ಹಾಯಿಸುವ ಮೊದಲು ಕೊಳವೆಯಲ್ಲಿ ನಿಂತಿರುವ ಔಷಧವನ್ನು ಹಿಂದಕ್ಕೆ ಸೆಳೆದು ತೆಗೆಯಲೇಬೇಕು. ಇಲ್ಲದಿದ್ದರೆ ಅಷ್ಟೂ ಔಷಧ ಒಂದೇ ಬಾರಿಗೆ ಬೆನ್ನುಹುರಿಗೆ ನುಗ್ಗುತ್ತದೆ. ಇದು ಪರಿಣತರ ಕೆಲಸವಾದ್ದರಿಂದ ಪಂಪು ಕಂಡಿರದ ಕಡೆ ಮಾಡಿಸತಕ್ಕದ್ದಲ್ಲ.

ಮೋಟಾರು ಸ್ಥಗಿತಗೊಳ್ಳುವುದು ಎರಡನೆಯ ಬಗೆ. ಇದಕ್ಕೊಂದು ಮುಖ್ಯ ಕಾರಣ ಒಳಗಿನ ಭಾಗಗಳು ತುಕ್ಕು ಹಿಡಿದು ಸವೆಯುವುದು. ಪಂಪಿಗಾಗಿ ಅನುಮತಿ ಪಡೆದ ಔಷಧಗಳ ಬದಲು ಬೇರೆ ಔಷಧಗಳನ್ನೋ ಹಲವು ಔಷಧಗಳ ಮಿಶ್ರಣವನ್ನೋ ತುಂಬಿದಾಗ ಈ ತೊಂದರೆ ಹೆಚ್ಚು. ಅತ್ಯಂತ ಬಳಕೆಯಲ್ಲಿರುವ ಸಿಂಕ್ರೊಮೆಡ್-2 ಪಂಪಿನ ತಯಾರಕರಾದ ಮೆಡ್‌ಟ್ರಾನಿಕ್ ಸಂಸ್ಥೆಯೇ 2012ರಲ್ಲಿ ವೈದ್ಯರಿಗೆ ಬರೆದ ಪತ್ರದಲ್ಲಿ ಅಂಕಿಗಳನ್ನು ಕೊಟ್ಟಿತು. ಅಳವಡಿಸಿದ 78 ತಿಂಗಳ ಹೊತ್ತಿಗೆ ಅನುಮತಿ ಪಡೆದ ಔಷಧ ಬಳಸಿದ ಪಂಪುಗಳ ವೈಫಲ್ಯ 2.4 ಶೇಕಡಾ, ಇತರ ಔಷಧ ಬಳಸಿದವುಗಳದು 7 ಶೇಕಡಾ. ಹತ್ತಿರ ಹತ್ತಿರ ಮೂರು ಪಟ್ಟು. ಡೀಸೆಲ್ ಯಂತ್ರಕ್ಕೆ ಸೀಮೆಎಣ್ಣೆ ಬೆರೆಸಿ ಓಡಿಸಿದವರಿಗೆ ಈ ಲೆಕ್ಕದ ಅರ್ಥ ಬೇಗ ಆಗುತ್ತದೆ. ತೊಟ್ಟಿಗೆ ತುಂಬುವುದು ಯಾವ ಔಷಧ, ಅದರಲ್ಲಿ ಸಂರಕ್ಷಕ ರಾಸಾಯನಿಕ ಬೆರೆತಿದೆಯೇ ಎಂಬುದನ್ನು ಪ್ರತಿಬಾರಿಯೂ ಕೇಳಿ ಬರೆದಿಟ್ಟುಕೊಳ್ಳುವುದು ರೋಗಿಯ ಹಕ್ಕು.

ಮೋಟಾರು ನಿಂತರೆ, ತೊಟ್ಟಿ ಬರಿದಾದರೆ, ಬ್ಯಾಟರಿ ತೀರಿದರೆ ಪಂಪು ಬೀಪ್ ಸದ್ದು ಮಾಡುತ್ತದೆ. ಸಾಮಾನ್ಯ ಎಚ್ಚರಿಕೆಗೆ ಒಂದು ಸ್ವರ, ತುರ್ತಿಗೆ ಎರಡು ಸ್ವರ. ಅಂಗಡಿಯ ಯುಪಿಎಸ್, ಎಲೆಕ್ಟ್ರಾನಿಕ್ ತಕ್ಕಡಿ, ಮೊಬೈಲುಗಳ ಸದ್ದುಗಳ ನಡುವೆ ಇದು ಕಿವಿಗೆ ಬೀಳದೆ ಹೋಗುವುದುಂಟು. ಆದುದರಿಂದ ಆಸ್ಪತ್ರೆಯಲ್ಲಿರುವಾಗಲೇ ಎರಡೂ ಸದ್ದುಗಳನ್ನು ರೋಗಿ ಮಾತ್ರವಲ್ಲದೆ ಮನೆಯವರೂ ಅಂಗಡಿಯ ಗುಮಾಸ್ತರೂ ಕೇಳಿ ಗುರುತಿಟ್ಟುಕೊಳ್ಳುವುದು ಒಳಿತು.

ಔಷಧ ಇದ್ದಕ್ಕಿದ್ದಂತೆ ನಿಂತಾಗ ದೇಹ ತಿರುಗಿ ಬೀಳುತ್ತದೆ. ಮಾರ್ಫಿನ್ ನಿಂತರೆ ಬೆವರು, ಆಕಳಿಕೆ, ಮೂಗು ಸೋರುವಿಕೆ, ಹೊಟ್ಟೆ ಹಿಂಡಿದಂತಾಗಿ ಭೇದಿ, ತಳಮಳ ಕಾಣಿಸಿಕೊಳ್ಳುತ್ತವೆ. ನೋಡುವವರಿಗೆ ಇದು ನೆಗಡಿಯೋ ಊಟದ ವ್ಯತ್ಯಾಸವೋ ಎನಿಸಬಹುದು. ಬ್ಯಾಕ್ಲೊಫೆನ್ ನಿಂತರೆ ಸ್ಥಿತಿ ಇನ್ನೂ ಗಂಭೀರ. ಮೈ ತುರಿಕೆ, ತೀವ್ರ ಜ್ವರ, ಮೊದಲಿಗಿಂತ ಬಿಗಿಯಾದ ಸೆಟೆತ ಒಂದರ ಹಿಂದೊಂದು ಬಂದು, ಸ್ನಾಯುಗಳು ಕರಗಿ ಪ್ರಾಣಕ್ಕೇ ಎರವಾಗಬಹುದು. ಬ್ಯಾಕ್ಲೊಫೆನ್ ಪಂಪಿರುವವರಿಗೆ ತುರಿಕೆಯೊಡನೆ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ವೈದ್ಯರ ಸಲಹೆಯಂತೆ ಅದೇ ಔಷಧದ ಮಾತ್ರೆಗಳನ್ನು ಮನೆಯಲ್ಲಿ ತುರ್ತಿಗೆ ಇಟ್ಟುಕೊಂಡಿರಬೇಕು.

ಇದಕ್ಕೆ ವಿರುದ್ಧವಾದದ್ದು ಔಷಧ ಮಿತಿಮೀರುವುದು. ಇದು ಯಂತ್ರದಿಂದ ಆಗುವುದಕ್ಕಿಂತ ಮನುಷ್ಯರ ಕೈತಪ್ಪಿನಿಂದ ಆಗುವುದೇ ಹೆಚ್ಚು ಭಯದ ಸಂಗತಿ. ಮರುಭರ್ತಿಯ ಸಮಯದಲ್ಲಿ ಸೂಜಿ ತೊಟ್ಟಿಯ ಬಾಯಿಗೆ ಸೇರದೆ ಪಕ್ಕಕ್ಕೆ ಜಾರಿದರೆ, ಹಲವು ವಾರಗಳಿಗೆಂದು ಇಟ್ಟ ಗಾಢ ಔಷಧವೆಲ್ಲ ಚರ್ಮದಡಿಗೆ ಸೇರಿ ರಕ್ತಕ್ಕೆ ಹೀರಲ್ಪಡುತ್ತದೆ. ಈ ಬಗೆಯ ತಪ್ಪಿನಿಂದ ಸಾವುಗಳು ಸಂಭವಿಸಿದ್ದು, 2011ರಲ್ಲಿ ಅಮೆರಿಕದಲ್ಲಿ ಇದರ ಬಗ್ಗೆ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹೊರಬಿತ್ತು. ನಿಯಂತ್ರಕದಲ್ಲಿ ದಶಮಾಂಶ ಬಿಂದು ಒಂದು ಮನೆ ಆಚೀಚೆ ಆದರೂ ಫಲ ಅದೇ. ಮುನ್ನೂರಕ್ಕೆ ಒಂದರ ಲೆಕ್ಕದಲ್ಲಿ ಕೆಲಸ ಮಾಡುವ ಔಷಧದಲ್ಲಿ ಚಿಲ್ಲರೆ ತಪ್ಪು ಎಂಬುದಿಲ್ಲ.

ಬೆಂಗಳೂರಿನಲ್ಲಿ ಮರುಭರ್ತಿ ಮಾಡಿಸಿಕೊಂಡು ಅದೇ ಸಂಜೆ ಹಾಸನದ ಬಸ್ಸು ಹತ್ತುವವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಕುಣಿಗಲ್ ದಾಟುವಷ್ಟರಲ್ಲಿ ಹಿಡಿದ ತೂಕಡಿಕೆಯನ್ನು ಪ್ರಯಾಣದ ಆಯಾಸವೆಂದು ಬಿಟ್ಟುಬಿಡಬಾರದು. ಕರೆದರೆ ಓಗೊಡದಷ್ಟು ನಿದ್ದೆ, ನಿಧಾನವಾದ ಉಸಿರು ಕಂಡರೆ ಬಸ್ಸು ನಿಲ್ಲಿಸಿ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ನಲಾಕ್ಸೋನ್ ಎಂಬ ಪ್ರತ್ಯೌಷಧ ಇದಕ್ಕಿದೆ. ಆದುದರಿಂದ ಮರುಭರ್ತಿಗೆ ಒಬ್ಬರೇ ಹೋಗುವುದು, ತಾವೇ ಕಾರು ಓಡಿಸಿಕೊಂಡು ಬರುವುದು ಎರಡೂ ತರವಲ್ಲ.

ಇವೆರಡೂ ಅಲ್ಲದ ಮೂರನೆಯದೊಂದಿದೆ. ವರ್ಷಗಟ್ಟಲೆ ಗಾಢವಾದ ಮಾರ್ಫಿನ್ ಹರಿದಾಗ ಕೆಲವರಲ್ಲಿ ಕೊಳವೆಯ ತುದಿಯ ಸುತ್ತ ಗಂಟು ಬೆಳೆದು ಬೆನ್ನುಹುರಿಯನ್ನು ಒತ್ತುತ್ತದೆ. ಕಾಲಲ್ಲಿ ಹೊಸದಾಗಿ ಜೋಮು, ಬಲಹೀನತೆ, ಮೂತ್ರದ ಹತೋಟಿ ತಪ್ಪುವಿಕೆ ಇದರ ಸೂಚನೆ. ತಡಮಾಡಿದರೆ ಕಾಲುಗಳೇ ಹೋದಾವು.

ತಾಲ್ಲೂಕು ಕೇಂದ್ರಗಳಲ್ಲಿ ಬೆನ್ನುನೋವಿಗೆ ಧಾರಾಳವಾಗಿ ಕೊಡುವ ಡಯಾಥರ್ಮಿ ಶಾಖ ಚಿಕಿತ್ಸೆ ಪಂಪಿರುವವರಿಗೆ ಸಂಪೂರ್ಣ ನಿಷಿದ್ಧ. ಎಂಆರ್‌ಐ ಯಂತ್ರದ ಕಾಂತಕ್ಷೇತ್ರದಲ್ಲಿ ಪಂಪಿನ ಮೋಟಾರು ತಾತ್ಕಾಲಿಕವಾಗಿ ನಿಲ್ಲುತ್ತದೆ. ಹೊರಬಂದ ಮೇಲೆ ಮತ್ತೆ ಚಾಲನೆಗೆ ಬಂದಿದೆಯೇ ಎಂದು ನಿಯಂತ್ರಕದಿಂದ ಖಚಿತಪಡಿಸಿಕೊಳ್ಳದೆ ಊರಿಗೆ ಮರಳಬಾರದು.

ಅಮೆರಿಕದ 2015ರ ಪ್ರಕರಣ

ತಯಾರಕರ ಹೊಣೆ ಎಷ್ಟೆಂಬುದಕ್ಕೆ ಒಂದು ಪ್ರಕರಣವನ್ನು ಇಲ್ಲಿ ವಿವರವಾಗಿ ನೋಡಬಹುದು. 2015ರ ಏಪ್ರಿಲ್ 27ರಂದು ಅಮೆರಿಕ ಸರ್ಕಾರವು ಮೆಡ್‌ಟ್ರಾನಿಕ್ ಸಂಸ್ಥೆ ಹಾಗೂ ಅದರ ಇಬ್ಬರು ಉನ್ನತಾಧಿಕಾರಿಗಳ ವಿರುದ್ಧ, ಸಿಂಕ್ರೊಮೆಡ್-2 ಪಂಪಿಗೆ ಸಂಬಂಧಿಸಿದಂತೆ ಮಿನ್ನೆಸೋಟದ ಫೆಡರಲ್ ನ್ಯಾಯಾಲಯದಲ್ಲಿ ಒಪ್ಪಿತ ಆದೇಶವೊಂದನ್ನು ದಾಖಲಿಸಿತು. 2006ರಿಂದ 2013ರವರೆಗೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ಕಾರ್ಖಾನೆಯನ್ನು ಹಲವು ಬಾರಿ ತಪಾಸಣೆ ಮಾಡಿ ಮೂರು ಎಚ್ಚರಿಕೆ ಪತ್ರಗಳನ್ನು ನೀಡಿತ್ತು.

ಆರೋಪಗಳನ್ನು ಓದಿದರೆ ಸಣ್ಣ ಉದ್ದಿಮೆದಾರರಿಗೆ ಆಶ್ಚರ್ಯವಾಗುತ್ತದೆ. ಗುಣಮಟ್ಟದ ದೋಷಗಳನ್ನು ಗುರುತಿಸಿ, ತನಿಖೆ ನಡೆಸಿ, ಸರಿಪಡಿಸುವ ವ್ಯವಸ್ಥೆ ಸಾಲದು. ವಿನ್ಯಾಸದಲ್ಲಿ ಮಾಡಿದ ಬದಲಾವಣೆಗಳು ದಾಖಲೆಯಾಗಿಲ್ಲ. ಸಿದ್ಧವಾದ ಪಂಪು ವಿನ್ಯಾಸದ ಅಳತೆಗೆ ಸರಿಹೊಂದುತ್ತದೆಂಬ ಖಾತರಿ ಇಲ್ಲ. ಅಷ್ಟೇ. ಯಾವ ಗೂಢ ತಂತ್ರಜ್ಞಾನದ ವಿಷಯವೂ ಅಲ್ಲಿರಲಿಲ್ಲ. ಗಿರಾಕಿಯ ದೂರು ಬಂದಾಗ ಪುಸ್ತಕದಲ್ಲಿ ಬರೆದುಕೊಂಡೆವೇ, ಕಾರಣ ಹುಡುಕಿದೆವೇ, ಡ್ರಾಯಿಂಗ್ ಬದಲಾಯಿಸಿದಾಗ ಹಳೆಯದರ ಮೇಲೆ ದಿನಾಂಕ ಹಾಕಿದೆವೇ ಎಂಬ ಪ್ರಶ್ನೆಗಳಿವು. ಕೈಗಾರಿಕಾ ವಸಾಹತಿನ ನಾಲ್ಕು ಜನರ ಘಟಕಕ್ಕೂ ಬಹುರಾಷ್ಟ್ರೀಯ ಸಂಸ್ಥೆಗೂ ಇವು ಒಂದೇ. ಗೋಡೆಯ ಮೇಲೆ ಕಟ್ಟುಹಾಕಿಸಿ ತೂಗಿಬಿಟ್ಟ ಐಎಸ್‌ಒ ಪ್ರಮಾಣಪತ್ರ ಈ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ.

ಆದೇಶದಂತೆ, ದೋಷಗಳನ್ನು ಸರಿಪಡಿಸುವವರೆಗೆ ಹೊಸ ಪಂಪುಗಳ ತಯಾರಿಕೆ ಮತ್ತು ವಿತರಣೆಗೆ ತಡೆ ಬಿತ್ತು. ಬೇರೆ ದಾರಿಯೇ ಇಲ್ಲದ ರೋಗಿಗೆ ಅವಶ್ಯಕವೆಂದು ವೈದ್ಯರು ಪ್ರಮಾಣೀಕರಿಸಿದಂತಹ ಸೀಮಿತ ಸಂದರ್ಭಗಳಲ್ಲಿ ಮಾತ್ರ ವಿನಾಯಿತಿಯಿತ್ತು. ಹೊರಗಿನ ಪರಿಣತರನ್ನು ನೇಮಿಸಿ ಸುಧಾರಣೆಯ ಯೋಜನೆ ಸಿದ್ಧಪಡಿಸಬೇಕಾಯಿತು. ವಿತರಣೆಯ ಮೇಲಿನ ನಿರ್ಬಂಧವನ್ನು 2017ರ ಅಕ್ಟೋಬರ್‌ನಲ್ಲಿ ತೆರವುಗೊಳಿಸಲಾಯಿತು. ಆಗಲೇ ಒಡಲೊಳಗಿದ್ದ ಪಂಪುಗಳನ್ನು ಹಿಂಪಡೆಯಬೇಕೆಂದು ಆದೇಶ ಹೇಳಿರಲಿಲ್ಲ. ಕೆಡದ ಪಂಪನ್ನು ತೆಗೆಯಿಸುವ ಶಸ್ತ್ರಚಿಕಿತ್ಸೆಗೂ ಅಪಾಯವಿದೆ; ಕಾರು ಕಂಪನಿ ವಾಹನಗಳನ್ನು ವಾಪಸು ಕರೆದಂತೆ ಇಲ್ಲಿ ಕರೆಯಲಾಗದು. ರೋಗಿ ಮತ್ತು ಯಂತ್ರದ ಸಂಬಂಧದ ಕಠಿಣ ಭಾಗ ಇದು. ದೋಷವಿರಬಹುದೆಂದು ತಿಳಿದೂ ಅದರೊಡನೆಯೇ ದಿನ ಕಳೆಯಬೇಕು.

ದೇಶದ ಕಾನೂನು ಏನು ಹೇಳುತ್ತದೆ

ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳು 2018ರ ಜನವರಿ 1ರಿಂದ ಜಾರಿಗೆ ಬಂದವು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಸೇರಿದವು. ಅನಿರೀಕ್ಷಿತವಾದ ಗಂಭೀರ ದುಷ್ಪರಿಣಾಮ ಗಮನಕ್ಕೆ ಬಂದ 15 ದಿನಗಳೊಳಗೆ ಪರವಾನಗಿದಾರರು ಪ್ರಾಧಿಕಾರಕ್ಕೆ ತಿಳಿಸಬೇಕು. ಸಾಧನಗಳ ದೋಷಗಳನ್ನು ದಾಖಲಿಸಲು 2015ರ ಜುಲೈ 6ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವೊಂದು ಗಾಜಿಯಾಬಾದಿನ ಭಾರತೀಯ ಔಷಧಸಂಹಿತೆ ಆಯೋಗದ ಅಡಿಯಲ್ಲಿ ನಡೆಯುತ್ತಿದೆ. ವೈದ್ಯರು ಮಾತ್ರವಲ್ಲ, ರೋಗಿಗಳೂ ಇಲ್ಲಿಗೆ ದೂರು ಸಲ್ಲಿಸಬಹುದು.

ದಾಖಲೆಯ ಮಹತ್ವ ತಿಳಿಯಬೇಕಾದರೆ ಸೊಂಟದ ಕೀಲಿನ ಪ್ರಕರಣವನ್ನು ನೆನೆಯಬೇಕು. ಡಿಪ್ಯೂ ಸಂಸ್ಥೆಯ ಎಎಸ್‌ಆರ್ ಕೃತಕ ಕೀಲನ್ನು 2010ರ ಆಗಸ್ಟ್‌ನಲ್ಲಿ ವಿಶ್ವದಾದ್ಯಂತ ಹಿಂಪಡೆಯಲಾಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಾಗಿದ್ದರೂ ಪತ್ತೆಯಾದ ರೋಗಿಗಳು ಸುಮಾರು 1,080 ಮಾತ್ರ. 2018ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಂಗೀಕರಿಸಿದ ಸೂತ್ರದಲ್ಲಿ ಪರಿಹಾರ 30 ಲಕ್ಷದಿಂದ 1.23 ಕೋಟಿ ರೂಪಾಯಿಯವರೆಗೆ ಇತ್ತು. ಯಾವ ಕೀಲು, ಯಾವ ಸಂಖ್ಯೆ ಎಂಬ ಚೀಟಿ ಕೈಯಲ್ಲಿಲ್ಲದವರು ಇದನ್ನು ಕೇಳುವುದಾದರೂ ಹೇಗೆ? ಪಂಪಿನ ಪೆಟ್ಟಿಗೆಯ ಮೇಲಿನ ಮಾದರಿ ಮತ್ತು ಕ್ರಮಸಂಖ್ಯೆಯ ಸ್ಟಿಕರ್ ಬಿಡುಗಡೆ ಪತ್ರದ ಮೇಲೆ ಅಂಟಿದೆಯೇ ಎಂದು ನೋಡಿಯೇ ಆಸ್ಪತ್ರೆ ಬಿಡಬೇಕು.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಗೆಂದೇ ಪ್ರತ್ಯೇಕ ಅಧ್ಯಾಯವಿದೆ. ತಯಾರಕರು ವಿದೇಶದಲ್ಲಿದ್ದು ಇಲ್ಲಿನ ಕಾನೂನಿಗೆ ಒಳಪಡದಿದ್ದರೆ, ಆಮದು ಮಾಡಿ ಮಾರಿದವರೇ ಉತ್ತರ ಕೊಡಬೇಕಾಗುತ್ತದೆ. ವೈದ್ಯರ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಯಲ್ಲಿದೆಯೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲೇ ಹೇಳಿದೆ. ಹಣ ತೆತ್ತದ್ದು 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ ಸಾಕು. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದಾದ್ದರಿಂದ ಅರಕಲಗೂಡಿನವರು ಬೆಂಗಳೂರಿಗೆ ಅಲೆಯಬೇಕಿಲ್ಲ, ಹಾಸನವೇ ಸಾಕು. ಕಾಲಮಿತಿ ಎರಡು ವರ್ಷ.

ಔಷಧದ ಕಾನೂನು ಬೇರೆ. ನೀಮಚ್ ಮತ್ತು ಗಾಜೀಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಅಫೀಮು ಸಂಸ್ಕರಿಸುವ ದೇಶದಲ್ಲಿಯೇ ಮಾರ್ಫಿನ್ ದುರ್ಲಭವಾದದ್ದು 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ. 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇದನ್ನು ದಾಸ್ತಾನು ಮಾಡುವುದು ಸುಲಭವಾಗಿದೆ. ಆದರೂ ಪಂಪಿಗೆ ಬೇಕಾದ ಸಂರಕ್ಷಕರಹಿತ ಮಾರ್ಫಿನ್ ಊರ ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳುವ ಸರಕಲ್ಲ. ದಿನಾಂಕಕ್ಕೆ ಎರಡು ವಾರ ಮುಂಚೆಯೇ ಆಸ್ಪತ್ರೆಗೆ ದೂರವಾಣಿ ಮಾಡಿ ದಾಸ್ತಾನು ವಿಚಾರಿಸಬೇಕು.

ಲೆಕ್ಕದ ಬಾಬ್ತು

ಪಂಪಿನ ಬೆಲೆಯನ್ನಷ್ಟೇ ನೋಡುವುದು ಲಾರಿಯ ಬೆಲೆ ನೋಡಿ ಡೀಸೆಲ್ ಮರೆತಂತೆ. ಮೂರು ತಿಂಗಳಿಗೊಮ್ಮೆ ಮರುಭರ್ತಿಯೆಂದರೆ ವರ್ಷಕ್ಕೆ ನಾಲ್ಕು, ಆರು ವರ್ಷಕ್ಕೆ ಇಪ್ಪತ್ತನಾಲ್ಕು ಪ್ರಯಾಣ. ಜೊತೆಗೊಬ್ಬರು ಬೇಕಾದ್ದರಿಂದ ನಲವತ್ತೆಂಟು ಮಾನವ ದಿನಗಳು ವ್ಯಾಪಾರದಿಂದ ಕಳೆಯುತ್ತವೆ. ಕೊನೆಗೆ ಹೊಸ ಪಂಪಿನ ವೆಚ್ಚ ಪುನಃ ಬರುತ್ತದೆ. ಅದಕ್ಕೆ ಮೊದಲ ದಿನದಿಂದಲೇ ಪ್ರತ್ಯೇಕ ಠೇವಣಿ ತೆಗೆದಿಡುವುದು ಯುಕ್ತ. 2017ರ ಮಾರ್ಚ್ 26ರಂದು ಯಶವಂತಪುರ–ಹಾಸನ ನಡುವೆ ಶ್ರವಣಬೆಳಗೊಳ ಮಾರ್ಗವಾಗಿ ರೈಲು ಸಂಚಾರ ಆರಂಭವಾದ ಮೇಲೆ ಹಾಸನ, ಚನ್ನರಾಯಪಟ್ಟಣದವರ ಪ್ರಯಾಣ ಸುಗಮವಾಗಿದೆ. ಹೊಳೆನರಸೀಪುರದವರಿಗೆ ಮೈಸೂರು ಮಾರ್ಗದ ರೈಲುಂಟು. ಅರಕಲಗೂಡಿನವರಿಗೆ ಇಂದಿಗೂ ಬಸ್ಸೇ ಗತಿ.

ಮರುಭರ್ತಿಯ ದಿನಾಂಕ ವ್ಯಾಪಾರದ ಹಂಗಾಮನ್ನು ನೋಡುವುದಿಲ್ಲ. ಹಾಸನದಲ್ಲಿ ಬಿತ್ತನೆ ಆಲೂಗೆಡ್ಡೆಯ ಮಾರಾಟವಿರಲಿ, ರಾಮನಾಥಪುರದಲ್ಲಿ ತಂಬಾಕಿನ ಹರಾಜಿರಲಿ, ಅಂದು ಹೋಗಲೇಬೇಕು. ತೆರಿಗೆ ರಿಟರ್ನ್ ತಡವಾದರೆ ವಿಳಂಬ ಶುಲ್ಕ ಕಟ್ಟಿ ಪಾರಾಗಬಹುದು. ಇಲ್ಲಿ ಆ ಅವಕಾಶವಿಲ್ಲ. 2020ರ ಮಾರ್ಚ್ 25ರಂದು ದೇಶವೆಲ್ಲ ಸ್ತಬ್ಧವಾದಂತಹ ದಿನಗಳು ಮತ್ತೆ ಬಂದರೂ ತೊಟ್ಟಿ ಕಾಯುವುದಿಲ್ಲ. ಹಾಗಾಗಿ ಕೊನೆಯ ದಿನಕ್ಕೆ ಒಂದು ವಾರ ಮುಂಚೆ ತುಂಬಿಸುವುದೇ ಲೇಸು.

ವಿಮೆಯ ವಿಷಯದಲ್ಲಿ ಒಂದು ಅಂಶ ಬಹುಮಂದಿಗೆ ತಿಳಿದಿಲ್ಲ. ಪಾಲಿಸಿಯ ಮಿತಿಗಿಂತ ದುಬಾರಿ ಕೊಠಡಿ ಪಡೆದರೆ ಇಡೀ ಬಿಲ್ಲನ್ನೇ ಅದೇ ಪ್ರಮಾಣದಲ್ಲಿ ಕಡಿತಗೊಳಿಸುವ ರೂಢಿಯಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರದ 2020ರ ಮಾರ್ಗಸೂಚಿಯಂತೆ ಅಳವಡಿಕೆಯ ಸಾಧನಗಳು, ಔಷಧ ಮತ್ತು ಪರೀಕ್ಷೆಗಳ ವೆಚ್ಚದ ಮೇಲೆ ಈ ಕಡಿತ ಮಾಡುವಂತಿಲ್ಲ. ಪಂಪಿನ ಬೆಲೆಯೇ ಬಿಲ್ಲಿನ ದೊಡ್ಡ ಭಾಗವಾದ್ದರಿಂದ ಇದು ಲಕ್ಷಗಳ ಮಾತು. 2024ರ ಏಪ್ರಿಲ್ 1ರಿಂದ ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಗರಿಷ್ಠ ಮೂರು ವರ್ಷಕ್ಕೆ ಇಳಿದಿದೆ. ಮರುಭರ್ತಿ ಹೊರರೋಗಿ ಚಿಕಿತ್ಸೆಯೆನಿಸಿ ಹಲವು ಪಾಲಿಸಿಗಳಲ್ಲಿ ಸೇರಿರುವುದಿಲ್ಲ, ಓದಿ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ. ಸಂಘ ಸಂಸ್ಥೆಗಳ ಮೂಲಕ ಪಡೆಯುವ ಗುಂಪು ವಿಮೆಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಏಕಮಾಲೀಕತ್ವದ ವರ್ತಕರು ಈ ವೆಚ್ಚವನ್ನು ಅಂಗಡಿಯ ಲಾಭ-ನಷ್ಟದ ಖಾತೆಗೆ ಹಾಕುವುದು ಕೂಡದು. ಅದು ಮಾಲೀಕರ ಸ್ವಂತ ಖರ್ಚು. ಒಂದೇ ಚಿಕಿತ್ಸೆಗೆ 2 ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟು ನಗದಾಗಿ ಪಡೆಯುವುದನ್ನು 2017ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಬ್ಯಾಂಕಿನ ಮೂಲಕ ತೆತ್ತ ಹಣ ನಾಳೆ ಗ್ರಾಹಕ ಆಯೋಗದ ಮುಂದೆ ಸಾಕ್ಷಿಯೂ ಆಗುತ್ತದೆ. ಜಿಎಸ್‌ಟಿ ನೋಂದಣಿಯಲ್ಲಿ ಎರಡನೆಯ ಅಧಿಕೃತ ಸಹಿದಾರರನ್ನು ಸೇರಿಸಿಟ್ಟಿದ್ದರೆ, ಪಂಪು ಕೆಟ್ಟು ಮಾಲೀಕರು ಹತ್ತು ದಿನ ಆಸ್ಪತ್ರೆಯಲ್ಲಿದ್ದರೂ ಅಂಗಡಿ ನಿಲ್ಲುವುದಿಲ್ಲ.

ಕೆಟ್ಟ ಪಂಪನ್ನು ಹೊರತೆಗೆದಾಗ ಅದು ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ದೋಷ ಯಾವುದೆಂದು ತಿಳಿಯಲು ತಯಾರಕರು ಅದನ್ನು ಬಿಚ್ಚಿ ಪರೀಕ್ಷಿಸಬೇಕಾಗುವುದು ನಿಜ. ಆದರೆ ಹೊಣೆಗಾರಿಕೆಯ ಮೊಕದ್ದಮೆಯಲ್ಲಿ ಅದೇ ಮುಖ್ಯ ಸಾಕ್ಷ್ಯ. ಶಸ್ತ್ರಚಿಕಿತ್ಸೆಗೆ ಮೊದಲೇ ಲಿಖಿತವಾಗಿ ಕೇಳಿ, ಪಂಪಿನ ಕ್ರಮಸಂಖ್ಯೆ ನಮೂದಿಸಿದ ರಸೀದಿ ಪಡೆದೇ ಅದನ್ನು ಕಳುಹಿಸಲು ಒಪ್ಪಬೇಕು. ಪರೀಕ್ಷಾ ವರದಿಯ ಪ್ರತಿಯನ್ನೂ ಕೇಳಬೇಕು.

ಇನ್ನೊಂದು ವಿಷಯವನ್ನು ಮನೆಯವರಿಗೆ ಹೇಳಲು ರೋಗಿಗಳು ಹಿಂಜರಿಯುತ್ತಾರೆ, ವೈದ್ಯರೂ ಮರೆಯುತ್ತಾರೆ. ಬೆಂಕಿಯ ಶಾಖಕ್ಕೆ ಪಂಪು ಸಿಡಿಯುತ್ತದೆ. ರೋಗಿ ತೀರಿಕೊಂಡರೆ ದಹನಕ್ಕೆ ಮುಂಚೆ ಅದನ್ನು ತೆಗೆಸಲೇಬೇಕು. ಮನೆಯಲ್ಲೇ ಕೊನೆಯುಸಿರೆಳೆದವರ ವಿಷಯದಲ್ಲಿ ಆ ಗಳಿಗೆಯಲ್ಲಿ ಯಾರಿಗೆ ಕರೆ ಮಾಡಬೇಕೆಂಬುದನ್ನು ಪಂಪಿನ ಗುರುತಿನ ಚೀಟಿಯ ಹಿಂಬದಿಯಲ್ಲೇ ಕನ್ನಡದಲ್ಲಿ ಬರೆದು, ಚೀಟಿ ಎಲ್ಲಿದೆಯೆಂದು ಮನೆಯ ಒಬ್ಬರಿಗಾದರೂ ತಿಳಿಸಿಟ್ಟಿರಬೇಕು.